ಡ್ಯಾಫ್‌ಗೆ ಹಾಕಿದ ದುಡ್ಡು ಆಸ್ಪತ್ರೆ ಮುಟ್ಟುವುದು ಯಾವಾಗ?

ಅಮೆರಿಕದಲ್ಲಿ ಡೋನರ್ ಅಡ್ವೈಸ್ಡ್ ಫಂಡ್, ಚಿಕ್ಕದಾಗಿ ಡ್ಯಾಫ್, ಮೂಲಕ ಕೊಡುವ ದಾನಕ್ಕೆ ಎರಡು ತಾರೀಕುಗಳಿರುತ್ತವೆ. ದುಡ್ಡು ಫಂಡಿನೊಳಗೆ ಹೋದ ದಿನ ಒಂದು, ಅಲ್ಲಿಂದ ಹೊರಟು ವೈದ್ಯಕೀಯ ಸಂಸ್ಥೆಯ ಕೈ ಸೇರಿದ ದಿನ ಇನ್ನೊಂದು. ತೆರಿಗೆ ಲೆಕ್ಕಕ್ಕೆ ಮೊದಲನೆಯದು ಸಾಕು. ರೋಗಿಗೆ ಬೇಕಾಗಿರುವುದು ಎರಡನೆಯದು. ಇವೆರಡರ ನಡುವೆ ಒಂದು ವಾರ ಕಳೆಯಬಹುದು, ಹದಿನೈದು ವರ್ಷವೂ ಕಳೆಯಬಹುದು. ಕಾನೂನು ಯಾವ ಗಡುವನ್ನೂ ಹಾಕಿಲ್ಲ. ಡಿಸೆಂಬರ್ ಬಂತೆಂದರೆ ಡ್ಯಾಫ್ ಬಗ್ಗೆ ನಡೆಯುವ ಮಾತೆಲ್ಲ ಮೊದಲನೇ ತಾರೀಕಿನದೇ. ಎಷ್ಟು ತೆರಿಗೆ ಉಳಿಯಿತು, ಯಾವ ಷೇರು ಕೊಡಬೇಕು, 31ರೊಳಗೆ ಆಗುತ್ತದೆಯೇ ಎನ್ನುವುದೇ ಚರ್ಚೆ. ಅದನ್ನೂ ಇಲ್ಲಿ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ತೆರಿಗೆಯಲ್ಲಿ ಉಳಿದ ದುಡ್ಡೂ ದಾನಕ್ಕೇ ಸೇರಬಹುದು. ಆದರೆ ಎರಡನೇ ತಾರೀಕನ್ನು ಮೊದಲೇ ಗೊತ್ತುಮಾಡಿಕೊಳ್ಳದೆ ಖಾತೆ ತೆರೆಯಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಡ್ಯಾಫ್ ಎಂದರೆ ನಿಮ್ಮ ಹೆಸರಿನಲ್ಲಿ ಕಾಣಿಸುವ, ಆದರೆ ನಿಮ್ಮದಲ್ಲದ ಒಂದು ಖಾತೆ. ಅದನ್ನು ನಡೆಸುವುದು ಇನ್ನೊಂದು ಸಾರ್ವಜನಿಕ ದತ್ತಿಸಂಸ್ಥೆ. ಫಿಡೆಲಿಟಿ ಚಾರಿಟಬಲ್, ವ್ಯಾನ್‌ಗಾರ್ಡ್ ಚಾರಿಟಬಲ್, ಶ್ವಾಬ್ ಚಾರಿಟಬಲ್ ಎಂದಿದ್ದು 2024ರಲ್ಲಿ ಡ್ಯಾಫ್‌ಗಿವಿಂಗ್360 ಎಂದು ಹೆಸರು ಬದಲಿಸಿಕೊಂಡ ಸಂಸ್ಥೆ, ಊರೂರಿನ ಕಮ್ಯುನಿಟಿ ಫೌಂಡೇಶನ್‌ಗಳು ಇಂಥವು. ಈ ಪದ್ಧತಿ ನ್ಯೂಯಾರ್ಕ್ ಕಮ್ಯುನಿಟಿ ಟ್ರಸ್ಟಿನಲ್ಲಿ 1931ರಲ್ಲೇ ಶುರುವಾಯಿತು. ಸಾಮಾನ್ಯ ಸಂಬಳದಾರರ ಕೈಗೆಟುಕಿದ್ದು 1991ರಲ್ಲಿ ಫಿಡೆಲಿಟಿ ಇದಕ್ಕೆ ಇಳಿದ ಮೇಲೆ. ಇದಕ್ಕೊಂದು ಸ್ಪಷ್ಟ ಕಾನೂನು ವ್ಯಾಖ್ಯೆ ಸಿಕ್ಕಿದ್ದು 2006ರಲ್ಲಿ. ಒಳಗೆ ಹಾಕಿದ್ದು ದೇವರ ಹುಂಡಿಗೆ ಹಾಕಿದ ಕಾಸಿನಂತೆ, ಮತ್ತೆ ವಾಪಸು ಬರುವುದಿಲ್ಲ. ಕೆಲಸ ಹೋಯಿತು, ಮನೆಯಲ್ಲಿ ಯಾರಿಗೋ ಆಪರೇಷನ್ ಆಗಬೇಕು ಅಂದರೂ ಇಲ್ಲ. ನಿಮಗೆ ಉಳಿಯುವುದು ‘ಇಂಥ ಸಂಸ್ಥೆಗೆ ಇಷ್ಟು ಕೊಡಿ’ ಎಂದು ಸಲಹೆ ಕೊಡುವ ಹಕ್ಕು. ಕಾನೂನುಬದ್ಧ ಸಂಸ್ಥೆಗೆ ಕೊಡಿ ಎಂದರೆ ಅವರು ಸಾಮಾನ್ಯವಾಗಿ ಬೇಡ ಎನ್ನುವುದಿಲ್ಲ, ಆದರೆ ಬೇಡ ಎನ್ನುವ ಅಧಿಕಾರ ಅವರದೇ.

ಇಷ್ಟು ಬಿಗಿ ಕಟ್ಟುಪಾಡಿನ ಖಾತೆ ಯಾಕೆ ಬೇಕು? ಲೆಕ್ಕ ಹಾಕಿ ನೋಡಿದರೆ ಗೊತ್ತಾಗುತ್ತದೆ. 2026ರಲ್ಲಿ ಗಂಡ ಹೆಂಡತಿ ಜಂಟಿಯಾಗಿ ರಿಟರ್ನ್ ಹಾಕಿದರೆ ಸ್ಟ್ಯಾಂಡರ್ಡ್ ಡಿಡಕ್ಷನ್, ಅಂದರೆ ಯಾವ ಖರ್ಚನ್ನೂ ತೋರಿಸದೆ ಆದಾಯದಿಂದ ಕಳೆಯಬಹುದಾದ ಮೊತ್ತ, 32,200 ಡಾಲರ್. ರಾಜ್ಯದ ತೆರಿಗೆ ಮತ್ತು ಮನೆ ತೆರಿಗೆ ಸೇರಿ 18,000, ಗೃಹಸಾಲದ ಬಡ್ಡಿ 6,000, ವರ್ಷಕ್ಕೆ ದಾನ 6,000 ಅಂದುಕೊಳ್ಳಿ. ಒಟ್ಟು 30,000. ಸ್ಟ್ಯಾಂಡರ್ಡ್ ಡಿಡಕ್ಷನ್ನೇ ಹೆಚ್ಚಾಯಿತು, ಹಾಗಾಗಿ ಐಟಮೈಸ್ ಮಾಡಿ, ಅಂದರೆ ಖರ್ಚುಗಳನ್ನು ಒಂದೊಂದಾಗಿ ತೋರಿಸಿ, ಪ್ರಯೋಜನವಿಲ್ಲ. ಅದೇ ದಂಪತಿ ನಾಲ್ಕು ವರ್ಷದ ದಾನವನ್ನು, ಅಂದರೆ 24,000 ಡಾಲರನ್ನು, ಒಂದೇ ವರ್ಷ ಡ್ಯಾಫ್‌ಗೆ ಹಾಕಿದರೆ ಒಟ್ಟು 48,000 ಆಗುತ್ತದೆ. 2026ರಿಂದ ಐಟಮೈಸ್ ಮಾಡುವವರಿಗೆ ಹೊಸ ಕತ್ತರಿ ಒಂದು ಬಂದಿದೆ: ಎಜಿಐನ, ಅಂದರೆ ಹೊಂದಾಣಿಕೆಯಾದ ಒಟ್ಟು ಆದಾಯದ, ಶೇಕಡಾ 0.5ರಷ್ಟು ದಾನ ಲೆಕ್ಕಕ್ಕೆ ಬರುವುದಿಲ್ಲ. ಎಜಿಐ 3,00,000 ಇದ್ದರೆ 1,500 ಡಾಲರ್ ಹೋಯಿತು. ಉಳಿದದ್ದು 46,500. ಸ್ಟ್ಯಾಂಡರ್ಡ್ ಡಿಡಕ್ಷನ್ನಿಗಿಂತ 14,300 ಹೆಚ್ಚು. ಇವರ ತೆರಿಗೆ ದರ ಶೇಕಡಾ 24, ಹಾಗಾಗಿ ಫೆಡರಲ್ ತೆರಿಗೆಯಲ್ಲಿ ಉಳಿಯುವುದು 3,432 ಡಾಲರ್. ಮುಂದಿನ ಮೂರು ವರ್ಷ ಸ್ಟ್ಯಾಂಡರ್ಡ್ ಡಿಡಕ್ಷನ್ ತೆಗೆದುಕೊಂಡು ಹಾಯಾಗಿರಬಹುದು. ಆಗಲೂ ವರ್ಷವರ್ಷ ಆಸ್ಪತ್ರೆಗೆ 6,000 ಹೋಗುತ್ತಲೇ ಇರುತ್ತದೆ, ಡ್ಯಾಫ್‌ನಿಂದ.

ಪ್ರತಿವರ್ಷವೂ ಐಟಮೈಸ್ ಮಾಡಿ ದಾನ ತೋರಿಸುವವರಿಗೆ ಈ ಶೇಕಡಾ 0.5ರ ಕತ್ತರಿ ವರ್ಷವರ್ಷವೂ ಬೀಳುತ್ತದೆ. ಒಟ್ಟಿಗೆ ಹಾಕಿದವರಿಗೆ ಒಂದೇ ಸಲ. ಅತಿ ಹೆಚ್ಚಿನ ಶೇಕಡಾ 37ರ ದರದಲ್ಲಿರುವವರಿಗೆ ಇನ್ನು ಮೇಲೆ ಡಿಡಕ್ಷನ್ನಿನ ಲಾಭ ಶೇಕಡಾ 35ಕ್ಕೇ ಸೀಮಿತ ಎಂಬುದೂ ನೆನಪಿರಲಿ. ಐಟಮೈಸ್ ಮಾಡದವರಿಗೂ 2026ರಿಂದ ಒಂದು ಸಣ್ಣ ರಿಯಾಯಿತಿ ಬಂದಿದೆ. ಒಬ್ಬರಿಗೆ 1,000, ಜಂಟಿ ರಿಟರ್ನಿಗೆ 2,000 ಡಾಲರ್ ತನಕ ನಗದು ದಾನವನ್ನು ಕಳೆಯಬಹುದು. ಆದರೆ ಅದು ನೇರವಾಗಿ ದತ್ತಿಸಂಸ್ಥೆಗೆ ಕೊಟ್ಟದ್ದಾಗಿರಬೇಕು. ಡ್ಯಾಫ್‌ಗೆ ಹಾಕಿದ್ದಕ್ಕೆ ಅನ್ವಯಿಸುವುದಿಲ್ಲ. ಹಾಗಾಗಿ ಮೇಲಿನ ದಂಪತಿ ಐಟಮೈಸ್ ಮಾಡದ ಮೂರು ವರ್ಷಗಳಲ್ಲಿ 2,000 ಡಾಲರನ್ನು ಕಾರ್ಡಿನಿಂದಲೋ ಚೆಕ್ಕಿನಿಂದಲೋ ನೇರವಾಗಿ ಕೊಟ್ಟು, ಉಳಿದ 4,000 ಡ್ಯಾಫ್‌ನಿಂದ ಕೊಡುವುದು ಜಾಣತನ. ನಿಮ್ಮ ಕಂಪನಿ ದಾನಕ್ಕೆ ಮ್ಯಾಚಿಂಗ್ ಕೊಡುತ್ತದೆ, ಅಂದರೆ ನೀವು ಕೊಟ್ಟದ್ದಕ್ಕೆ ತಾನೂ ಸೇರಿಸುತ್ತದೆ ಎಂದಾದರೆ, ಮೊದಲು ಅದನ್ನು ಪೂರ್ತಿ ಬಳಸಿಕೊಳ್ಳಿ. ಬಹಳಷ್ಟು ಕಂಪನಿಗಳು ಡ್ಯಾಫ್‌ನಿಂದ ಹೋದ ದುಡ್ಡಿಗೆ ಮ್ಯಾಚಿಂಗ್ ಕೊಡುವುದಿಲ್ಲ. ಡಾಲರಿಗೆ ಡಾಲರ್ ಸೇರಿಸುವ ಅವಕಾಶ ಬಿಟ್ಟುಕೊಟ್ಟು ಶೇಕಡಾ 24 ಉಳಿಸಿದರೆ ನಷ್ಟವಾಗುವುದು ಆಸ್ಪತ್ರೆಗೆ. ಎಪ್ಪತ್ತೂವರೆ ವರ್ಷ ದಾಟಿದವರು ಐಆರ್‌ಎ ಎಂಬ ನಿವೃತ್ತಿ ಉಳಿತಾಯ ಖಾತೆಯಿಂದ ನೇರ ದಾನ ಮಾಡಿದರೆ ಆ ಮೊತ್ತ ಆದಾಯಕ್ಕೇ ಸೇರುವುದಿಲ್ಲ. ಅದೂ ಡ್ಯಾಫ್‌ಗೆ ಹೋಗುವಂತಿಲ್ಲ, ಸಂಸ್ಥೆಗೇ ಹೋಗಬೇಕು. ಅಂಥವರಿಗೆ ಡ್ಯಾಫ್ ಬಹುತೇಕ ಬೇಡ.

ಡ್ಯಾಫ್‌ನ ನಿಜವಾದ ಬಲ ಇರುವುದು ಬೆಲೆ ಏರಿದ ಷೇರು ಕೊಡುವುದರಲ್ಲಿ. ಉದಾಹರಣೆಗೆ 4,000 ಡಾಲರಿಗೆ ಕೊಂಡ ಷೇರು ಈಗ 20,000 ಬಾಳುತ್ತದೆ ಅನ್ನಿ. ಮಾರಿದರೆ 16,000 ಲಾಭ. ಅದರ ಮೇಲೆ ಶೇಕಡಾ 15 ಫೆಡರಲ್ ತೆರಿಗೆ 2,400. ಆದಾಯ ಹೆಚ್ಚಿದ್ದವರಿಗೆ ಶೇಕಡಾ 3.8ರ ಹೂಡಿಕೆ ಆದಾಯ ತೆರಿಗೆ 608. ಕ್ಯಾಲಿಫೋರ್ನಿಯಾದಲ್ಲಿ ಶೇಕಡಾ 9.3ರ ದರದಲ್ಲಿದ್ದರೆ ಇನ್ನೂ 1,488. ಒಟ್ಟು 4,496 ಡಾಲರ್ ಸರ್ಕಾರಕ್ಕೆ ಹೋಗಿ, ಕೈಗೆ ಬರುವುದು 15,504. ಷೇರನ್ನೇ ಡ್ಯಾಫ್‌ಗೆ ವರ್ಗಾಯಿಸಿದರೆ ಪೂರ್ತಿ 20,000 ದಾನವಾಗುತ್ತದೆ, ಡಿಡಕ್ಷನ್ ಲೆಕ್ಕವೂ 20,000ದ ಮೇಲೆಯೇ. ಕೊಂಡು ಒಂದು ವರ್ಷಕ್ಕಿಂತ ಹೆಚ್ಚು ಕಾಲ ಆಗಿರಬೇಕು, ಅದೇ ಷರತ್ತು. ವರ್ಷ ತುಂಬದ ಷೇರು ಕೊಟ್ಟರೆ ಕೊಂಡ ಬೆಲೆಯ ಮೇಲೆ ಮಾತ್ರ ಡಿಡಕ್ಷನ್. ಬೆಲೆ ಬಿದ್ದ ಷೇರನ್ನಂತೂ ಕೊಡಲೇಬೇಡಿ. ಮಾರಿ ನಷ್ಟವನ್ನು ನಿಮ್ಮ ರಿಟರ್ನಿನಲ್ಲಿ ತೋರಿಸಿ, ನಗದು ಕೊಡಿ. ಆ ಕಂಪನಿಯ ಮೇಲೆ ಇನ್ನೂ ನಂಬಿಕೆ ಇದೆ, ಷೇರು ಬಿಡಲು ಮನಸ್ಸಿಲ್ಲ ಅನ್ನುವವರು ಏರಿದ ಷೇರನ್ನು ದಾನ ಮಾಡಿ, ಮನೆಯಲ್ಲಿದ್ದ ನಗದಿನಿಂದ ಅದೇ ದಿನ ಅದೇ ಷೇರನ್ನು ಮತ್ತೆ ಕೊಳ್ಳಬಹುದು. ಮಾರಿದ ಷೇರನ್ನೇ ಮೂವತ್ತು ದಿನದೊಳಗೆ ಮತ್ತೆ ಕೊಂಡರೆ ನಷ್ಟ ತೋರಿಸುವಂತಿಲ್ಲ ಎಂಬ ವಾಶ್ ಸೇಲ್ ನಿಯಮದ ತೊಡಕು ನಷ್ಟಕ್ಕೆ ಮಾರಿದಾಗ ಮಾತ್ರ. ಹೊಸ ಷೇರಿನ ಕೊಂಡ ಬೆಲೆ ಇವತ್ತಿನದಾಗುವುದರಿಂದ ಮುಂದೆ ಮಾರುವಾಗಿನ ತೆರಿಗೆಯೂ ಇಳಿಯುತ್ತದೆ.

ನಗದು ದಾನಕ್ಕೆ ಎಜಿಐನ ಶೇಕಡಾ 60, ಇಂಥ ಷೇರಿಗೆ ಶೇಕಡಾ 30 ವರ್ಷದ ಮಿತಿ. ಮೀರಿದ್ದನ್ನು ಮುಂದಿನ ಐದು ವರ್ಷಗಳಿಗೆ ಒಯ್ಯಬಹುದು.

ತಪ್ಪಾಗುವುದು ಹೆಚ್ಚಾಗಿ ವರ್ಗಾವಣೆಯಲ್ಲಿ. ಬ್ರೋಕರೇಜ್ ಸೈಟಿನಲ್ಲಿ ‘ಲಾಟ್’, ಅಂದರೆ ಯಾವ ದಿನ ಕೊಂಡ ಷೇರುಗಳ ಗುಂಪು ಎಂಬುದನ್ನು, ಆರಿಸದೆ ಬರೀ ‘50 ಷೇರು’ ಎಂದು ಬರೆದರೆ, ವ್ಯವಸ್ಥೆ ತನ್ನ ನಿಯಮದಂತೆ ಯಾವುದೋ ಲಾಟನ್ನು ಕಳಿಸುತ್ತದೆ. ಹತ್ತು ಪಟ್ಟು ಏರಿದ ಹಳೆಯ ಷೇರು ಖಾತೆಯಲ್ಲೇ ಉಳಿದು, ಕಳೆದ ತಿಂಗಳು ಬಂದದ್ದು ದಾನವಾಗಿರುತ್ತದೆ. ಆರ್‌ಎಸ್‌ಯು, ಅಂದರೆ ಕಂಪನಿ ಸಂಬಳದ ಭಾಗವಾಗಿ ಕೊಡುವ ಷೇರು, ಇದ್ದವರು ಒಂದು ವರ್ಷವನ್ನು ಎಣಿಸಬೇಕಾದದ್ದು ಕಂಪನಿ ಕೊಡುತ್ತೇನೆ ಎಂದ ದಿನದಿಂದಲ್ಲ, ವೆಸ್ಟ್ ಆದ, ಅಂದರೆ ಷೇರು ನಿಜವಾಗಿ ನಿಮ್ಮದಾದ, ದಿನದಿಂದ. ಇಎಸ್‌ಪಿಪಿ, ಅಂದರೆ ನೌಕರರು ರಿಯಾಯಿತಿ ದರದಲ್ಲಿ ಕೊಳ್ಳುವ ಕಂಪನಿ ಷೇರು; ಅದನ್ನು ಅದರ ಹಿಡಿವಳಿ ಅವಧಿ ಮುಗಿಯುವ ಮುನ್ನ ದಾನ ಮಾಡಿದರೂ ಅದು ‘ವಿಲೇವಾರಿ’ ಎಂದೇ ಲೆಕ್ಕ, ರಿಯಾಯಿತಿಯ ಭಾಗಕ್ಕೆ ಸಂಬಳದಂತೆ ತೆರಿಗೆ ಬೀಳುತ್ತದೆ. ಎರಡೂ ಇದ್ದರೆ ಹಳೆಯ ಆರ್‌ಎಸ್‌ಯು ಲಾಟನ್ನೇ ಆರಿಸಿ.

ಒಂದೇ ಬಳಗದ ಬ್ರೋಕರೇಜ್ ಮತ್ತು ಡ್ಯಾಫ್ ಆದರೆ ವರ್ಗಾವಣೆ ಒಂದೆರಡು ದಿನದ ಮಾತು. ಬೇರೆ ಬ್ರೋಕರೇಜಿನಿಂದ ಆದರೆ ಡ್ಯಾಫ್ ಸಂಸ್ಥೆಯ ಡಿಟಿಸಿ ನಂಬರ್ (ಷೇರು ವರ್ಗಾವಣೆಗೆ ಬೇಕಾದ ಗುರುತು ಸಂಖ್ಯೆ), ಅವರ ಖಾತೆ ನಂಬರ್, ಜೊತೆಗೆ ನಿಮ್ಮ ಡ್ಯಾಫ್ ಖಾತೆಯ ಹೆಸರು ಮತ್ತು ನಂಬರ್ ಇಷ್ಟನ್ನೂ ಫಾರಂನಲ್ಲಿ ಬರೆಯಬೇಕು. ಕೊನೆಯದನ್ನು ಬಿಟ್ಟರೆ ಷೇರು ಅಲ್ಲಿಗೆ ಹೋಗಿ ಯಾರದೆಂದು ಗೊತ್ತಾಗದೆ ಕೂರುತ್ತದೆ. ಅದಕ್ಕೇ ಡ್ಯಾಫ್ ಸೈಟಿನಲ್ಲೂ ‘ಇಂಥ ಬ್ರೋಕರೇಜಿನಿಂದ ಇಷ್ಟು ಷೇರು ಬರುತ್ತಿದೆ’ ಎಂದು ಮುಂಚಿತವಾಗಿ ತಿಳಿಸಬೇಕು. ಮ್ಯೂಚುವಲ್ ಫಂಡ್ ಯೂನಿಟ್ ವರ್ಗಾವಣೆಗೆ ವಾರಗಳೇ ಹಿಡಿಯಬಹುದು. ದಾನದ ತಾರೀಕು ಎಂದರೆ ಷೇರು ಅವರ ಖಾತೆಗೆ ಬಂದು ಬಿದ್ದ ದಿನ, ನೀವು ಗುಂಡಿ ಒತ್ತಿದ ದಿನವಲ್ಲ. ಡಿಸೆಂಬರ್ 29ಕ್ಕೆ ಒತ್ತಿದ್ದು ಜನವರಿ 3ಕ್ಕೆ ಬಿದ್ದರೆ ಡಿಡಕ್ಷನ್ ಮುಂದಿನ ವರ್ಷದ್ದು. ನವೆಂಬರಿನಲ್ಲೇ ಮುಗಿಸುವುದು ಕ್ಷೇಮ. ಬೆಲೆ ಕಟ್ಟುವುದು ಆ ದಿನದ ಗರಿಷ್ಠ ಮತ್ತು ಕನಿಷ್ಠ ಬೆಲೆಯ ಸರಾಸರಿಯಲ್ಲಿ. ನಗದಲ್ಲದ ದಾನ 500 ಡಾಲರ್ ದಾಟಿದರೆ ರಿಟರ್ನಿನ ಜೊತೆ 8283 ಫಾರಂ ಇರಬೇಕು. ಕ್ರಿಪ್ಟೊ ಕೊಡುವವರು 5,000 ದಾಟಿದರೆ ಅರ್ಹ ಮೌಲ್ಯಮಾಪಕರ ವರದಿಯನ್ನೂ ಇಡಬೇಕು, ಪೇಟೆಯಲ್ಲಿ ಬೆಲೆ ಕಾಣುತ್ತಿದ್ದರೂ ಸರಿಯೇ. ಡ್ಯಾಫ್ ಕೊಡುವ ರಸೀದಿಯಲ್ಲಿ ‘ಈ ಆಸ್ತಿಯ ಮೇಲೆ ಕಾನೂನಿನ ಪೂರ್ಣ ಹಿಡಿತ ನಮ್ಮದೇ’ ಎಂಬ ವಾಕ್ಯ ಇರಬೇಕು. ದೊಡ್ಡ ಸಂಸ್ಥೆಗಳ ರಸೀದಿಯಲ್ಲಿ ಅದು ಇದ್ದೇ ಇರುತ್ತದೆ. ಸಣ್ಣ ಕಡೆ ಖಾತೆ ಇದ್ದರೆ ಒಮ್ಮೆ ಕಣ್ಣಾಡಿಸಿ.

ಇಷ್ಟಾದ ಮೇಲೆ ದುಡ್ಡು ಡ್ಯಾಫ್‌ನಲ್ಲಿದೆ, ನಿಮ್ಮ ತೆರಿಗೆಯ ಕೆಲಸ ಮುಗಿದಿದೆ. ಕಷ್ಟ ಶುರುವಾಗುವುದೇ ಇಲ್ಲಿ. ಖಾಸಗಿ ಫೌಂಡೇಶನ್ ಆದರೆ ವರ್ಷಕ್ಕೆ ಆಸ್ತಿಯ ಸುಮಾರು ಶೇಕಡಾ 5 ಹಂಚಲೇಬೇಕೆಂಬ ಕಾನೂನಿದೆ. ಡ್ಯಾಫ್ ಖಾತೆಗೆ ಅಂಥದ್ದೇನೂ ಇಲ್ಲ. ಎಷ್ಟೋ ವರ್ಷ ಏನೂ ಕೊಡದಿದ್ದರೆ ಸಂಸ್ಥೆಯವರೇ ನೆನಪಿಸುವ, ಕೊನೆಗೆ ತಾವೇ ಕೊಟ್ಟುಬಿಡುವ ನಿಯಮ ಕೆಲವು ಕಡೆ ಇದೆ, ಅಷ್ಟೆ. 2023ರ ಕೊನೆಗೆ ಅಮೆರಿಕದ ಡ್ಯಾಫ್‌ಗಳಲ್ಲಿದ್ದ ಒಟ್ಟು ಆಸ್ತಿ 250 ಶತಕೋಟಿ ಡಾಲರ್ ದಾಟಿತ್ತು. ಅದರಲ್ಲಿ ಒಂದು ಪಾಲು ಪ್ರತಿವರ್ಷ ಹೊರಗೆ ಹೋಗುತ್ತದೆ ನಿಜ. ಮಿಕ್ಕದ್ದು ಹೂಡಿಕೆಯಲ್ಲಿ ಬೆಳೆಯುತ್ತಿರುತ್ತದೆ, ಖಾತೆದಾರರು ಅದನ್ನು ನೋಡಿ ಸಂತೋಷಪಡುತ್ತಿರುತ್ತಾರೆ. ಬೆಳೆದರೆ ಮುಂದೆ ಹೆಚ್ಚು ಕೊಡಬಹುದಲ್ಲ ಎಂಬ ವಾದ ವಿಶ್ವವಿದ್ಯಾಲಯದ ಕಟ್ಟಡಕ್ಕೆ ಸರಿ ಹೋಗಬಹುದು. ವೈದ್ಯಕೀಯ ನೆರವಿಗೆ ಸರಿ ಹೋಗುವುದಿಲ್ಲ.

ಯಾಕೆ ಎನ್ನುವುದಕ್ಕೆ ಕಾಲರಾ ವಾರ್ಡನ್ನೇ ನೋಡಿ. ಡಾಕ್ಟರ್ಸ್ ವಿದೌಟ್ ಬಾರ್ಡರ್ಸ್ (ಎಂಎಸ್‌ಎಫ್) ಎಂಬ ಅಂತರರಾಷ್ಟ್ರೀಯ ವೈದ್ಯಕೀಯ ನೆರವು ಸಂಸ್ಥೆ ನಡೆಸುವಂಥ ಚಿಕಿತ್ಸಾ ಕೇಂದ್ರಗಳಲ್ಲಿ ಮಂಚದ ಮಧ್ಯೆ ಒಂದು ತೂತು, ಅದರ ಕೆಳಗೆ ಬಕೆಟ್ಟು. ಎದ್ದು ಹೋಗುವ ಶಕ್ತಿ ರೋಗಿಗೆ ಇರುವುದಿಲ್ಲ, ಎಷ್ಟು ನೀರು ಹೋಯಿತು ಎಂದು ಅಳೆಯಲೂ ಬೇಕು. ತೀವ್ರ ನಿರ್ಜಲೀಕರಣಕ್ಕೆ ಚಿಕಿತ್ಸೆಯ ಲೆಕ್ಕ ದೇಹದ ತೂಕದ ಪ್ರತಿ ಕಿಲೋಗೆ 100 ಮಿಲಿಲೀಟರ್ ರಿಂಗರ್ಸ್ ಲ್ಯಾಕ್ಟೇಟ್ (ರಕ್ತನಾಳಕ್ಕೆ ಹಾಕುವ ಸಲೈನ್‌ನಂಥ ದ್ರಾವಣ), ಮೂರು ಗಂಟೆಯಲ್ಲಿ. ಅದರಲ್ಲಿ ಮೊದಲ 30 ಮಿಲಿಲೀಟರ್ ಅರ್ಧ ಗಂಟೆಯೊಳಗೆ. 50 ಕಿಲೋ ತೂಕದ ವ್ಯಕ್ತಿಗೆ ಐದು ಲೀಟರ್, ಅಂದರೆ ಒಂದು ಲೀಟರಿನ ಐದು ಚೀಲ, ಮೊದಲ ಅರ್ಧ ಗಂಟೆಗೇ ಒಂದೂವರೆ ಚೀಲ. ಆಮೇಲೂ ಭೇದಿ ನಿಲ್ಲುವ ತನಕ ಹೋದಷ್ಟನ್ನು ತುಂಬುತ್ತಿರಬೇಕು. ಸಕಾಲಕ್ಕೆ ಸಿಕ್ಕರೆ ಬಹುತೇಕ ಎಲ್ಲರೂ ಬದುಕುತ್ತಾರೆ. ಸಿಗದಿದ್ದರೆ ಕೆಲವೇ ಗಂಟೆಗಳಲ್ಲಿ ಸಾಯಬಹುದು. ಹಾಗಾಗಿ ಆ ಚೀಲಗಳು ರೋಗ ಕಾಣಿಸಿಕೊಂಡ ಮೇಲೆ ಕೊಳ್ಳುವಂಥವಲ್ಲ. ಫ್ರಾನ್ಸಿನ ಬೋರ್ಡೋ ಹತ್ತಿರದ ಮೆರಿನ್ಯಾಕ್‌ನಲ್ಲಿರುವಂಥ ಉಗ್ರಾಣಗಳಲ್ಲಿ ಕಿಟ್‌ಗಳನ್ನು ಮೊದಲೇ ಕಟ್ಟಿ ಇಟ್ಟಿರುತ್ತಾರೆ. ಅದಕ್ಕೆ ಬೇಕಾಗುವುದು ಸುದ್ದಿಗೆ ಮುಂಚೆಯೇ ಸಂಸ್ಥೆಯ ಖಾತೆಯಲ್ಲಿರುವ, ಯಾವ ಷರತ್ತೂ ಇಲ್ಲದ ದುಡ್ಡು.

ಷರತ್ತಿಲ್ಲದ ದುಡ್ಡಿನ ಬೆಲೆ ಎಷ್ಟೆಂದು ಜಗತ್ತಿಗೆ ಗೊತ್ತಾದದ್ದು 2004ರ ಡಿಸೆಂಬರ್ 26ರ ಸುನಾಮಿಯ ನಂತರ. 2005ರ ಜನವರಿ ಮೊದಲ ವಾರದಲ್ಲೇ ಎಂಎಸ್‌ಎಫ್ ಸುನಾಮಿ ಹೆಸರಿನ ದಾನ ಸಾಕು ಎಂದು ಬಹಿರಂಗವಾಗಿ ಹೇಳಿತು. ತಾನು ಅಲ್ಲಿ ಮಾಡಬಹುದಾದ ಕೆಲಸಕ್ಕಿಂತ ಹೆಚ್ಚು ದುಡ್ಡು ಬಂದಿತ್ತು. ಆಗಲೇ ಕೊಟ್ಟವರನ್ನು, ಬೇರೆ ಕಡೆಯ ತುರ್ತಿಗೆ ಬಳಸಬಹುದೇ ಎಂದು ಕೇಳಬೇಕಾಯಿತು. ಅಷ್ಟು ಪ್ರಾಮಾಣಿಕತೆ ತೋರುವ ಸಂಸ್ಥೆಗಳು ಕಡಿಮೆ. ಹಾಗಾಗಿ ಡ್ಯಾಫ್‌ನ ಫಾರಂನಲ್ಲಿ ‘ಉದ್ದೇಶ’ ಎಂಬ ಜಾಗ ಬಂದಾಗ, ‘ಎಲ್ಲಿ ಹೆಚ್ಚು ಅಗತ್ಯವೋ ಅಲ್ಲಿ’ ಎಂಬ ಆಯ್ಕೆಯನ್ನೇ ಒತ್ತಿ. ಸುದ್ದಿಯಲ್ಲಿರುವ ದೇಶದ ಹೆಸರು ಬರೆಯಬೇಕೆಂದು ಮನಸ್ಸು ಎಳೆಯುತ್ತದೆ. ಸುದ್ದಿಯಲ್ಲಿಲ್ಲದ ಊರಿಗೂ ಸಲೈನ್ ಬೇಕು.

ಹೊರಗೆ ಕಳಿಸುವ ಕ್ರಮ ಸರಳ. ಸೈಟಿನಲ್ಲಿ ಸಂಸ್ಥೆಯನ್ನು ಹೆಸರಿನಿಂದ ಹುಡುಕಬೇಡಿ, ತೆರಿಗೆ ಇಲಾಖೆ ಕೊಟ್ಟ ಇಐಎನ್ ಸಂಖ್ಯೆಯಿಂದ ಹುಡುಕಿ. ವೈದ್ಯಕೀಯ ದತ್ತಿಸಂಸ್ಥೆಗಳಲ್ಲಿ ಒಂದೇ ಥರದ ಹೆಸರುಗಳು ವಿಪರೀತ. ಮಕ್ಕಳ ಕ್ಯಾನ್ಸರ್ ಎಂದು ಹುಡುಕಿದರೆ ಪುಟಗಟ್ಟಲೆ ಬರುತ್ತವೆ. ಡಾಕ್ಟರ್ಸ್ ವಿದೌಟ್ ಬಾರ್ಡರ್ಸ್ ಯುಎಸ್‌ಎಯ ಇಐಎನ್ 13-3433452. ಸಂಸ್ಥೆಯ ಸ್ವಂತ ಸೈಟಿನಲ್ಲಿ ಅದು ಕೆಳಗೆಲ್ಲೋ ಬರೆದಿರುತ್ತದೆ, ಅಮೆರಿಕದ ತೆರಿಗೆ ಇಲಾಖೆಯಾದ ಐಆರ್‌ಎಸ್‌ನ ವಿನಾಯಿತಿ ಸಂಸ್ಥೆಗಳ ಹುಡುಕಾಟ ಪುಟದಲ್ಲೂ ತಾಳೆ ನೋಡಬಹುದು. ವಿಳಾಸ ಈಗಿನದೇ ಎಂದು ಖಚಿತಪಡಿಸಿಕೊಳ್ಳಿ. ಈಗಲೂ ಅನೇಕ ದಾನಗಳು ಕಾಗದದ ಚೆಕ್ಕಿನಲ್ಲೇ ಹೋಗುತ್ತವೆ. ಹಳೆ ವಿಳಾಸಕ್ಕೆ ಹೋದ ಚೆಕ್ಕು ತಿಂಗಳುಗಟ್ಟಲೆ ಅಲೆದು, ಅವಧಿ ಮುಗಿದು, ನಿಮ್ಮ ಖಾತೆಗೇ ವಾಪಸಾಗುತ್ತದೆ. ಆರು ವಾರಕ್ಕೊಮ್ಮೆ ‘ಚೆಕ್ಕು ನಗದಾಯಿತೇ’ ಎಂಬ ಕಾಲಂ ನೋಡುವ ಅಭ್ಯಾಸ ಇರಲಿ. ಹೆಸರು ಗುಟ್ಟಾಗಿರಲಿ ಎನ್ನುವವರಿಗೆ ಆ ಆಯ್ಕೆಯೂ ಇದೆ. ಡ್ಯಾಫ್‌ಗೆ ಮುಖ್ಯ ಕಾರಣವೇ ಅದು ಎನ್ನುವವರೂ ಇದ್ದಾರೆ. ಆದರೆ ಪೂರ್ತಿ ಅನಾಮಧೇಯವಾದರೆ ಸಂಸ್ಥೆಗೆ ನಿಮಗೊಂದು ಪ್ರಶ್ನೆ ಕೇಳುವ ದಾರಿಯೂ ಇಲ್ಲ. ಸಂಸ್ಥೆಯಿಂದ ಬರುವ ಧನ್ಯವಾದ ಪತ್ರ ತೆರಿಗೆ ರಸೀದಿ ಅಲ್ಲ. ಡ್ಯಾಫ್‌ಗೆ ಹಾಕಿದಾಗ ಒಮ್ಮೆ ತೋರಿಸಿದ್ದನ್ನು ಇದರ ಮೇಲೆ ಮತ್ತೊಮ್ಮೆ ತೋರಿಸುವಂತಿಲ್ಲ.

ನನ್ನ ಸಲಹೆ ಇಷ್ಟೇ. ಖಾತೆಗೆ ದುಡ್ಡು ಬಿದ್ದ ದಿನವೇ ಮಾಸಿಕ ಅಥವಾ ತ್ರೈಮಾಸಿಕ ದಾನವನ್ನು ತನ್ನಷ್ಟಕ್ಕೆ ಹೋಗುವಂತೆ ಇಟ್ಟುಬಿಡಿ. 24,000ಕ್ಕೆ ತಿಂಗಳಿಗೆ 500 ಎಂದರೆ ನಾಲ್ಕು ವರ್ಷ. ಇಂಥ ಖಾತೆಯನ್ನು ಷೇರು ಸೂಚ್ಯಂಕದಲ್ಲಿ ಹೂಡಬೇಡಿ. ನಾಲ್ಕು ವರ್ಷದಲ್ಲಿ ಖಾಲಿಯಾಗಬೇಕಾದ ದುಡ್ಡು ಹೆಚ್ಚು ಏರಿಳಿಯದ ಮನಿ ಮಾರ್ಕೆಟ್ ಫಂಡಿನಲ್ಲಿರಲಿ. ಶುಲ್ಕವನ್ನೂ ನೋಡಿ: ದೊಡ್ಡ ಸಂಸ್ಥೆಗಳಲ್ಲಿ ವರ್ಷಕ್ಕೆ ಶೇಕಡಾ 0.6ರ ಆಸುಪಾಸು, ಹೂಡಿಕೆಯ ಶುಲ್ಕ ಬೇರೆ. ಕನಿಷ್ಠ 100 ಡಾಲರ್ ಎಂಬ ನಿಯಮವಿದ್ದರೆ 5,000 ಡಾಲರಿನ ಪುಟ್ಟ ಖಾತೆಗೆ ಅದು ಶೇಕಡಾ 2 ಆಗುತ್ತದೆ. ಅಷ್ಟು ಸಣ್ಣ ಮೊತ್ತಕ್ಕೆ ಡ್ಯಾಫ್ ಬೇಡ, ನೇರವಾಗಿ ಕೊಡಿ.

ಇನ್ನು, ಮಾಡಬಾರದ್ದು. ಊರಿನ ಬಂಧುವಿನ ಹೃದಯ ಶಸ್ತ್ರಚಿಕಿತ್ಸೆಗೆ, ಪರಿಚಯದ ಮಗುವಿನ ಆಸ್ಪತ್ರೆ ಬಿಲ್ಲಿಗೆ ಡ್ಯಾಫ್‌ನಿಂದ ಕೊಡುವಂತಿಲ್ಲ. ವ್ಯಕ್ತಿಗಳಿಗೆ ಕೊಡುವುದು ಕಾನೂನಿನಲ್ಲೇ ನಿಷಿದ್ಧ, ಕೊಟ್ಟರೆ ಸಂಸ್ಥೆಯ ಮೇಲೆ ಶೇಕಡಾ 20 ದಂಡ ತೆರಿಗೆ. ಅಂಥದ್ದಕ್ಕೆ ಕೈಯಿಂದಲೇ ಕೊಡಬೇಕು. ಅದಕ್ಕೆಂದು ಒಂದಿಷ್ಟು ದುಡ್ಡನ್ನು ಡ್ಯಾಫ್‌ನ ಹೊರಗೇ ಇಟ್ಟುಕೊಳ್ಳುವುದು ನಮ್ಮಂಥ ಕುಟುಂಬಗಳಿಗೆ ಅಗತ್ಯ. ಆಸ್ಪತ್ರೆ ನಿಧಿ ಸಂಗ್ರಹಕ್ಕೆ ನಡೆಸುವ ಗಾಲಾ ಊಟದ ಟಿಕೆಟ್ಟನ್ನೂ ಡ್ಯಾಫ್‌ನಿಂದ ಕೊಳ್ಳುವಂತಿಲ್ಲ. ಊಟದ ಬೆಲೆ ನಾನು ಕೊಡುತ್ತೇನೆ, ದಾನದ ಭಾಗ ಡ್ಯಾಫ್ ಕೊಡಲಿ ಎಂದು ಒಡೆಯುವುದನ್ನೂ ಐಆರ್‌ಎಸ್ ಒಪ್ಪುವುದಿಲ್ಲ. ಸಿಕ್ಕ ಲಾಭದ ಶೇಕಡಾ 125ರಷ್ಟು ದಂಡ ತೆರಿಗೆ ಸಲಹೆ ಕೊಟ್ಟವರ ಮೇಲೇ ಬೀಳುತ್ತದೆ.

ಕರ್ನಾಟಕದ ಆಸ್ಪತ್ರೆಗೇ ಕೊಡಬೇಕು ಎನ್ನುವವರಿಗೆ ದಾರಿ ಇದೆ, ಸ್ವಲ್ಪ ಸುತ್ತಿನದು. ಸಾಮಾನ್ಯವಾಗಿ ಡ್ಯಾಫ್‌ಗಳು ಹೊರದೇಶದ ಟ್ರಸ್ಟಿಗೆ ನೇರ ಕಳಿಸುವುದಿಲ್ಲ. ಆ ಟ್ರಸ್ಟು ಅಮೆರಿಕದ ದತ್ತಿಸಂಸ್ಥೆಗೆ ಸಮಾನ ಎಂದು ದಾಖಲೆ ಸಮೇತ ತೀರ್ಮಾನಿಸಬೇಕು, ಇಲ್ಲವೇ ಪ್ರತಿ ಖರ್ಚಿನ ಹೊಣೆ ಹೊತ್ತು ವರದಿ ಪಡೆಯಬೇಕು. ಸಿಎಎಫ್ ಅಮೆರಿಕ, ಗಿವ್2ಏಷ್ಯಾ ಇಂಥವು ಆ ಕೆಲಸವನ್ನು ಶುಲ್ಕ ತೆಗೆದುಕೊಂಡು ಮಾಡುತ್ತವೆ. ಹೆಚ್ಚು ಸುಲಭವೆಂದರೆ ಅಮೆರಿಕದಲ್ಲೇ ನೋಂದಾಯಿತ ಸಹಸಂಸ್ಥೆ ಇರುವ ಆಸ್ಪತ್ರೆಯನ್ನು ಆರಿಸುವುದು. ಕ್ಯಾಲಿಫೋರ್ನಿಯಾದ ಮಿಲ್ಪಿಟಾಸ್‌ನ ಶಂಕರ ಐ ಫೌಂಡೇಶನ್‌ಗೆ ಕೊಟ್ಟರೆ, ಬೆಂಗಳೂರು ಮತ್ತು ಶಿವಮೊಗ್ಗದಲ್ಲೂ ಆಸ್ಪತ್ರೆಗಳಿರುವ ಶಂಕರ ಕಣ್ಣಿನ ಆಸ್ಪತ್ರೆಗಳ ಜಾಲಕ್ಕೆ ಕೊಟ್ಟಂತೆ. ಆದರೆ ‘ಶಿವಮೊಗ್ಗಕ್ಕೇ ಕೊಡಿ’ ಎಂದು ಕಟ್ಟಿಹಾಕುವಂತಿಲ್ಲ. ಎಲ್ಲಿ ಖರ್ಚು ಮಾಡಬೇಕೆಂಬ ನಿರ್ಧಾರ ಅಮೆರಿಕದ ಸಂಸ್ಥೆಯದೇ ಆಗಿರಬೇಕು.

ಭಾರತದ ಕಡೆ ಬಾಗಿಲಲ್ಲಿ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ, ನಿಂತಿದೆ. ವಿದೇಶಿ ದೇಣಿಗೆ ಪಡೆಯಲು ಆಸ್ಪತ್ರೆಯ ಟ್ರಸ್ಟಿಗೆ ಆ ನೋಂದಣಿ ಇರಬೇಕು, ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. 2020ರ ತಿದ್ದುಪಡಿಯ ನಂತರ ದುಡ್ಡು ಮೊದಲು ಬರಬೇಕಾದದ್ದು ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಗೆ. ಆಡಳಿತ ಖರ್ಚು ಶೇಕಡಾ 20 ಮೀರುವಂತಿಲ್ಲ. ಬಂದ ದುಡ್ಡನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ಹಾಗಾಗಿ ದೊಡ್ಡ ಟ್ರಸ್ಟಿಗೆ ಕಳಿಸಿ ಅಲ್ಲಿಂದ ನಮ್ಮ ತಾಲ್ಲೂಕಿನ ಸಣ್ಣ ಆಸ್ಪತ್ರೆಗೆ ಕೊಡಿಸೋಣ ಎಂಬ ಹಳೆಯ ಉಪಾಯ ಈಗ ನಡೆಯುವುದಿಲ್ಲ. ನೋಂದಣಿ ಚಾಲ್ತಿಯಲ್ಲಿದೆಯೇ ಎಂದು ಗೃಹ ಸಚಿವಾಲಯದ ಎಫ್‌ಸಿಆರ್‌ಎ ತಾಣದಲ್ಲಿ ನೋಡಿಯೇ ಕಳಿಸಿ.

ಇಲ್ಲೊಂದು ಸೂಕ್ಷ್ಮ ಬಹಳ ಜನರ ಗಮನಕ್ಕೆ ಬರುವುದಿಲ್ಲ. ಭಾರತದ ಪಾಸ್‌ಪೋರ್ಟೇ ಇರುವ ಅನಿವಾಸಿಗಳು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆಯೇ ಅಲ್ಲ, ಎಫ್‌ಸಿಆರ್‌ಎ ಇಲ್ಲದ ಸಣ್ಣ ಆಸ್ಪತ್ರೆಯೂ ಪಡೆಯಬಹುದು. ಅದೇ ವ್ಯಕ್ತಿ ಡ್ಯಾಫ್ ಮೂಲಕ ಕೊಟ್ಟರೆ ಕೊಡುತ್ತಿರುವುದು ಅಮೆರಿಕದ ಸಂಸ್ಥೆ, ಹಾಗಾಗಿ ಅದು ವಿದೇಶಿ ದೇಣಿಗೆ. ಅಮೆರಿಕದ ಪೌರತ್ವ ಪಡೆದು ಒಸಿಐ ಕಾರ್ಡು ಇರುವವರು ಹೇಗೆ ಕೊಟ್ಟರೂ ವಿದೇಶಿ ದೇಣಿಗೆಯೇ. ಊರಿನ ಹತ್ತು ಹಾಸಿಗೆಯ ಆಸ್ಪತ್ರೆಗೆ ಒಂದು ಎಕ್ಸ್‌ರೇ ಯಂತ್ರ ಕೊಡಿಸಬೇಕೆಂದಿರುವ ಎಚ್1ಬಿ ವೀಸಾದ ಮಗನೋ ಮಗಳೋ ಅಮೆರಿಕದ ಡಿಡಕ್ಷನ್ ಆಸೆ ಬಿಟ್ಟು ಬ್ಯಾಂಕಿನಿಂದ ನೇರ ಕಳಿಸುವುದೇ ಸರಿ.

ಕೊನೆಗೊಂದು ಫಾರಂ ಬಾಕಿ ಇರುತ್ತದೆ: ನಿಮ್ಮ ನಂತರ ಈ ಖಾತೆಯ ಬಗ್ಗೆ ಸಲಹೆ ಕೊಡುವವರು ಯಾರು? ಏನೂ ತುಂಬದಿದ್ದರೆ ಉಳಿದದ್ದನ್ನು ಡ್ಯಾಫ್ ಸಂಸ್ಥೆ ತನ್ನ ನಿಯಮದಂತೆ ಎಲ್ಲಿಗೋ ಕೊಡುತ್ತದೆ. ಮಕ್ಕಳ ಹೆಸರು ಬರೆಯಬಹುದು, ಅವರಿಗೆ ಆಸಕ್ತಿ ಇದ್ದರೆ. ಅದಕ್ಕಿಂತ ವೈದ್ಯಕೀಯ ಸಂಸ್ಥೆಯ ಹೆಸರು ಮತ್ತು ಇಐಎನ್ ಬರೆದು ಶೇಕಡಾ 100 ಎಂದು ತುಂಬುವುದು ನನಗೆ ಹೆಚ್ಚು ಇಷ್ಟ. ಹತ್ತು ನಿಮಿಷದ ಕೆಲಸ, ಖಾತೆ ತೆರೆದ ದಿನವೇ ಮುಗಿಸಬಹುದು.